ಚಂದ್ರ ಪತಂಗಕ್ಕೆ ಸಕ್ಕರೆ ನೀರು ಬೇಡ

ಮಳೆಗಾಲ ಬಂತೆಂದರೆ ಒಂದೇ ಬಗೆಯ ಫೋಟೋ ನನಗೆ ಮತ್ತೆ ಮತ್ತೆ ಬರುತ್ತದೆ. ದೀಪದ ಬುಡದಲ್ಲಿ, ಗೋಡೆಗೆ ಅಂಟಿಕೊಂಡ ಅಂಗೈಯಗಲದ ತಿಳಿಹಸಿರು ಪತಂಗ. ಜೊತೆಗೊಂದು ಆತಂಕದ ಪ್ರಶ್ನೆ: ‘ನಿನ್ನೆಯಿಂದ ಕದಲಿಲ್ಲ, ಸಕ್ಕರೆ ನೀರು ಇಟ್ಟರೂ ಮುಟ್ಟುತ್ತಿಲ್ಲ, ಏನು ಕೊಡಲಿ?’ ಏನನ್ನೂ ಕೊಡಬೇಡಿ. ಉಣ್ಣುವಂಥ ಬಾಯಿಯೇ ಅದಕ್ಕಿಲ್ಲ.

ಇದು ಚಂದ್ರ ಪತಂಗ, ಆಕ್ಟಿಯಾಸ್ ಸೆಲೀನ್. ಸೆಲೀನ್ ಎಂದರೆ ಗ್ರೀಕರ ಚಂದ್ರದೇವತೆ. ಟಸರ್ ರೇಷ್ಮೆ ಕೊಡುವ ಪತಂಗದ ಕುಟುಂಬಕ್ಕೇ ಸೇರಿದ್ದು. ಪಶ್ಚಿಮ ಘಟ್ಟದಿಂದ ಹಿಮಾಲಯದ ತಪ್ಪಲಿನವರೆಗೆ, ಅದರಾಚೆ ಆಗ್ನೇಯ ಏಷ್ಯಾದಲ್ಲೂ ಇದರ ನೆಲೆಯಿದೆ. ರೆಕ್ಕೆ ಬಿಚ್ಚಿದರೆ ಸುಮಾರು 12 ಸೆಂಟಿಮೀಟರ್ ಅಗಲ. ಮುಂರೆಕ್ಕೆಯ ಅಂಚಿಗೆ ಕಂದುಗೆಂಪು ಪಟ್ಟಿ, ನಾಲ್ಕೂ ರೆಕ್ಕೆಗಳಲ್ಲಿ ಒಂದೊಂದು ಕಣ್ಣಿನಂಥ ಚುಕ್ಕೆ, ಹಿಂರೆಕ್ಕೆಗಳಿಗೆ ಉದ್ದನೆಯ ಬಾಲ.

ಆ ಬಾಲ ಬರಿಯ ಚೆಲುವಿಗಲ್ಲ. ಇದರ ಅಮೆರಿಕದ ಸೋದರ ಲೂನಾ ಪತಂಗದ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬಾಲ ಕತ್ತರಿಸಿದವುಗಳ ಪೈಕಿ ಸುಮಾರು ಶೇ 81ರಷ್ಟು ಬಾವಲಿಗೆ ಸಿಕ್ಕವು. ಬಾಲವಿದ್ದವುಗಳಲ್ಲಿ ಸಿಕ್ಕಿದ್ದು ಶೇ 35ರಷ್ಟು ಮಾತ್ರ. ಬಾವಲಿ ಬೇಟೆಯನ್ನು ಹುಡುಕುವುದು ತನ್ನ ಕೂಗಿನ ಪ್ರತಿಧ್ವನಿಯಿಂದ; ಹಾರುವಾಗ ತಿರುಚಿಕೊಳ್ಳುವ ಬಾಲದಿಂದ ಮರಳುವ ಪ್ರತಿಧ್ವನಿ ಅದರ ಗುರಿ ತಪ್ಪಿಸುತ್ತದೆ. ಬಾಲ ಹೋದರೂ ಜೀವ ಉಳಿಯುತ್ತದೆ. ಹಾಗಾಗಿ ಬಾಲ ಹರಿದ ಪತಂಗ ಕಂಡರೆ ಮರುಗಬೇಡಿ, ಅದು ಒಮ್ಮೆ ಗೆದ್ದು ಬಂದಿರಬಹುದು.

ಊಟವೆಲ್ಲ ಮುಗಿದಿರುವುದು ಹುಳುವಾಗಿದ್ದಾಗಲೇ. ಮೊಟ್ಟೆಯೊಡೆದು ಬರುವ ಮರಿ ಕೆಂಪು, ನಡುವಿಗೊಂದು ಕಪ್ಪು ಪಟ್ಟಿ. ಎರಡು ಸಲ ಪೊರೆ ಕಳಚುವಷ್ಟರಲ್ಲಿ ಎಲೆಹಸಿರಾಗುತ್ತದೆ. ಬೆನ್ನ ಮೇಲೆ ಹಳದಿ ಗುಬುಟುಗಳೇಳುತ್ತವೆ. ಪಕ್ಕದಲ್ಲೇ ಕೂತಿದ್ದರೂ ಎಲೆಗಳ ನಡುವೆ ನಿಮಗೆ ಕಾಣುವುದಿಲ್ಲ. ನಾನು ಮೊದಲು ಹುಡುಕುವುದು ಹುಳುವನ್ನಲ್ಲ, ನೆಲಕ್ಕೆ ಬಿದ್ದ ದಪ್ಪ ಹಿಕ್ಕೆಯನ್ನು; ಅದರ ನೇರಕ್ಕೆ ತಲೆಯೆತ್ತಿದರೆ ಹುಳು ಸಿಗುತ್ತದೆ. ನಮ್ಮ ಕಾಡುಗಳಲ್ಲಿ ಉದಿ ಮರ, ಹಿಮಾಲಯದಲ್ಲಿ ಅಕ್ರೋಟು ಅದರ ಮೇವು. ಕೆಲವು ವಾರ ಎಡೆಬಿಡದೆ ಮೇದು, ಎಲೆಗಳನ್ನು ಸೇರಿಸಿ ಗೂಡು ಕಟ್ಟುತ್ತದೆ. ಹುಳು ಕೂಡಿಟ್ಟ ಕೊಬ್ಬೇ ಪತಂಗದ ಇಡೀ ಆಯುಷ್ಯದ ಬುತ್ತಿ. ಆಯುಷ್ಯವೆಂದರೂ ಹೆಚ್ಚುಕಡಿಮೆ ಒಂದು ವಾರ.

ಇನ್ನು ಅದು ಕದಲದಿರುವುದು. ಫೋಟೋದಲ್ಲಿ ಹೊಟ್ಟೆ ದಪ್ಪಗಿದ್ದು ಮೀಸೆ ಕಿರಿದಾಗಿದ್ದರೆ ಅದು ಹೆಣ್ಣು. ಕೂತಲ್ಲೇ ಕೂತು ರಾತ್ರಿಯಲ್ಲಿ ವಾಸನೆ ಬಿಡುತ್ತದೆ. ಗಂಡು ತನ್ನ ಗರಿಯಂಥ ಅಗಲ ಮೀಸೆಗಳಿಂದ ಆ ವಾಸನೆ ಹಿಡಿದು ದೂರದಿಂದ ಬರುತ್ತದೆ. ನಿಮ್ಮ ದೀಪ ಉರಿಯುತ್ತಿದ್ದರೆ ಬಂದ ಗಂಡು ಬಲ್ಬಿನ ಸುತ್ತಲೇ ಸುತ್ತಿ ಸೋಲಬಹುದು. ಆದ್ದರಿಂದ ಇಂದು ರಾತ್ರಿ ಆ ದೀಪವೊಂದನ್ನು ಆರಿಸಿಬಿಡಿ. ಗೋಡೆಯ ಮೇಲೆ ಅದಕ್ಕೆ ಹಲ್ಲಿಯ ಭಯವಿದ್ದರೆ, ಒಂದು ಕಡ್ಡಿಯನ್ನು ಮುಂಗಾಲಿನ ಬಳಿ ಹಿಡಿಯಿರಿ, ತಾನಾಗಿ ಹತ್ತುತ್ತದೆ. ರೆಕ್ಕೆ ಮುಟ್ಟದೆ ಕಡ್ಡಿಯ ಸಮೇತ ಹತ್ತಿರದ ಮರದ ಕತ್ತಲಿಗೆ ದಾಟಿಸಿ.