ಬೊರ್ಗುಂಡ್: ಎಂಟು ಶತಮಾನ ದಾಟಿದ ಮರದ ಚರ್ಚ್ ಉಳಿದ ಕಥೆ

ನಾರ್ವೆಯ ಪಶ್ಚಿಮ ಭಾಗದ ಲೇರ್ಡಾಲ್ ಕಣಿವೆಯಲ್ಲಿ ಬೊರ್ಗುಂಡ್ ಅನ್ನೋ ಸಣ್ಣ ಊರಿದೆ. ಆ ಊರಿನ ಹಳೇ ಚರ್ಚ್ ಪೂರ್ತಿ ಮರದ್ದು. ಅದಕ್ಕೆ ಬಳಸಿದ ಪೈನ್ ಮರಗಳನ್ನು 1180-81ರ ಚಳಿಗಾಲದಲ್ಲಿ ಕಡಿದಿದ್ದಾರೆ. ಮರದೊಳಗಿನ ಉಂಗುರಗಳನ್ನು ಎಣಿಸಿ, ಬೇರೆ ಮರಗಳ ಜೊತೆ ಹೋಲಿಸಿ ಇದನ್ನು ಕಂಡುಕೊಂಡರು. ಮಳೆ, ಹಿಮ ಎರಡೂ ಬೀಳುವ ಜಾಗದಲ್ಲಿ ಮರದ ಕಟ್ಟಡ ಇಷ್ಟು ಕಾಲ ನಿಲ್ಲೋದು ಸುಮ್ನೆ ಮಾತಲ್ಲ.

ನಾರ್ವೆಯ ಮೊದಮೊದಲ ಚರ್ಚ್‌ಗಳಿಗೆ ಗುಂಡಿ ತೋಡಿ ಕಂಬ ಹೂಳುತ್ತಿದ್ದರು. ಮಣ್ಣಿನ ತೇವಕ್ಕೆ ಕಂಬದ ಬುಡ ಕೊಳೆಯುತ್ತಿತ್ತು. ಆಮೇಲೆ ಬಡಗಿಗಳು ದಾರಿ ಬದಲಿಸಿದರು. ನೆಲದ ಮೇಲೆ ಕಲ್ಲು ಜೋಡಿಸಿ, ಅದರ ಮೇಲೆ ದಪ್ಪ ತೊಲೆಗಳನ್ನು ಮಲಗಿಸಿ, ಕಂಬಗಳನ್ನು ಆ ತೊಲೆಗಳ ಮೇಲೆ ನಿಲ್ಲಿಸಿದರು. ನಮ್ಮ ಮಲೆನಾಡಿನ ಹಳೇ ಮನೆಗಳಲ್ಲೂ ಮರದ ಕಂಬ ಕಲ್ಲಿನ ಮೇಲೇ ಕೂರುತ್ತದೆ, ಅಲ್ವಾ? ಬೊರ್ಗುಂಡ್ ಉಳಿದಿದ್ದಕ್ಕೆ ಮೊದಲ ಕಾರಣ ಈ ಕಲ್ಲುಗಳು ಅಂತಲೇ ನನ್ನ ನಂಬಿಕೆ.

ಒಳಗೆ ಹೋದರೆ ಕತ್ತಲು ಜಾಸ್ತಿ. ಗೋಡೆಯ ಮೇಲ್ಭಾಗದ ಸಣ್ಣ ಗುಂಡು ಕಿಂಡಿಗಳಿಂದಷ್ಟೇ ಬೆಳಕು ಬೀಳುತ್ತದೆ. ಎತ್ತರದ ಕಂಬಗಳ ಸಾಲು ನಡುವಿನ ಭಾಗವನ್ನು ಸುತ್ತುವರಿದು ಮೇಲಿನ ಛಾವಣಿಯನ್ನು ಹೊತ್ತಿದೆ. ಕಂಬದಿಂದ ಕಂಬಕ್ಕೆ ಗುಣಿಸುವ ಗುರುತಿನಂತೆ ಅಡ್ಡ ಮರಗಳನ್ನು ಕೂಡಿಸಿದ್ದಾರೆ. ಗಾಳಿ ಬೀಸಿದಾಗ ಚೌಕಟ್ಟು ವಾಲದಂತೆ ಹಿಡಿಯುವುದು ಇವೇ. ಹೊರಗೆ ಸುತ್ತಲೂ ಮಾಡಿನ ಮೊಗಸಾಲೆ ಇದೆ, ಮಳೆ ನೇರ ಗೋಡೆಗೆ ಬಡಿಯದಂತೆ ಅದು ತಡೆಯುತ್ತದೆ. ಅದರ ಮೇಲೆ ಒಂದರ ಮೇಲೊಂದು ಕಡಿದಾದ ಮಾಡುಗಳು. ಎಲ್ಲಕ್ಕೂ ಮರದ ಬಿಲ್ಲೆಗಳ ಹೊದಿಕೆ. ಕೆಳಗಿನ ಮಾಡಿನ ತುದಿಯಲ್ಲಿ ಶಿಲುಬೆ, ಮೇಲಿನ ತುದಿಯಲ್ಲಿ ಬಾಯಿ ತೆರೆದ ಡ್ರ್ಯಾಗನ್ ತಲೆ! ಹೊಸ ಧರ್ಮದ ಗುಡಿ ಕಟ್ಟುವಾಗಲೂ ಆ ಬಡಗಿಗಳು ತಮ್ಮ ಹಳೇ ಕೆತ್ತನೆಯನ್ನು ಕೈಬಿಡಲಿಲ್ಲ. ನನಗೆ ಇದು ತುಂಬಾ ಇಷ್ಟ.

ಗೋಡೆಯ ಮೇಲೆ ರೂನ್ ಎಂಬ, ಉತ್ತರ ಯುರೋಪಿನ ಹಳೇ ಲಿಪಿಯ ಬರಹಗಳೂ ಇವೆ. ಸಂತ ಓಲಾವನ ಹಬ್ಬದ ಸಂಜೆ ಈ ದಾರಿಯಲ್ಲಿ ಹೋಗುತ್ತಿದ್ದ ಥೋರಿರ್ ಎಂಬಾತ ತಾನೇ ಇದನ್ನು ಕೊರೆದೆ ಎಂದು ಒಂದರಲ್ಲಿ ಹೇಳಿಕೊಂಡಿದ್ದಾನೆ.

ಇಡೀ ಕಟ್ಟಡ ಕಪ್ಪಗೆ ಕಾಣುವುದು ಟಾರಿನಿಂದ. ಇದು ರಸ್ತೆಗೆ ಹಾಕುವ ಟಾರಲ್ಲ. ಪೈನ್ ಮರದ ಬೇರು, ಬೊಡ್ಡೆಗಳನ್ನು ಗಾಳಿಯಾಡದಂತೆ ಮುಚ್ಚಿ ನಿಧಾನಕ್ಕೆ ಸುಟ್ಟು ಇಳಿಸಿದ ಎಣ್ಣೆ. ಕೆಲವು ವರ್ಷಕ್ಕೊಮ್ಮೆ ಅದನ್ನು ಬಳಿಯಲೇಬೇಕು. ಬಳಿಯುವುದು ನಿಂತರೆ ಮರ ಹಾಳಾಗಲು ಶುರುವಾಗುತ್ತದೆ.

ಇಂಥ ಚರ್ಚ್‌ಗಳು ಒಂದು ಕಾಲಕ್ಕೆ ನಾರ್ವೆಯಲ್ಲಿ ಸಾವಿರಕ್ಕೂ ಹೆಚ್ಚು ಇದ್ದವು ಅಂತ ಅಂದಾಜು. ಈಗ ಅಲ್ಲಿ ಉಳಿದಿರುವುದು 28. 1349ರಲ್ಲಿ ಪ್ಲೇಗ್ ಬಂದು ಊರೂರೇ ಬರಿದಾದವು, ಎಷ್ಟೋ ಚರ್ಚ್‌ಗಳು ಪಾಳು ಬಿದ್ದವು. ಆದರೆ 19ನೇ ಶತಮಾನದ ಪೆಟ್ಟಿಗೆ ಕಾರಣ ಮಳೆಯೂ ಅಲ್ಲ, ರೋಗವೂ ಅಲ್ಲ, ಒಂದು ಕಾನೂನು. ಚರ್ಚಿನಲ್ಲಿ ಊರಿನ ಹತ್ತು ಜನರಲ್ಲಿ ಮೂವರಿಗಾದರೂ ಜಾಗ ಇರಬೇಕು ಅಂತ 1851ರಲ್ಲಿ ನಿಯಮ ಬಂತು. ಹಳೇ ಮರದ ಚರ್ಚ್‌ಗಳು ಚಿಕ್ಕವು. ಅಲ್ಲಲ್ಲಿ ಕೆಡವಿ ದೊಡ್ಡದು ಕಟ್ಟಿದರು. ಜನಸಂಖ್ಯೆ ಬೆಳೆಯುತ್ತಿದ್ದಾಗ ಜಾಗ ಬೇಕಿತ್ತು, ಒಪ್ಪೋಣ. ಆದರೂ ಕಳೆದುಕೊಂಡಿದ್ದು ಸಣ್ಣದಲ್ಲ.

ಅಪಾಯವನ್ನು ಮೊದಲೇ ಕಂಡವನು ಚಿತ್ರಕಾರ ಯೂಹಾನ್ ಕ್ರಿಶ್ಚಿಯನ್ ದಾಲ್. ವಾಂಗ್ ಊರಿನ ಚರ್ಚ್ ಕೆಡವಲು ಹೊರಟಾಗ 1841ರಲ್ಲಿ ತಾನೇ ಅದನ್ನು ಕೊಂಡ. ಅದು ಪ್ರಷ್ಯ ಎಂಬ ಆಗಿನ ಜರ್ಮನ್ ರಾಜ್ಯದ ದೊರೆಯ ಕೈ ಸೇರಿ, ಈಗಿನ ಪೋಲೆಂಡಿನ ಕಾರ್ಪಾಚ್‌ನಲ್ಲಿ ಮತ್ತೆ ಎದ್ದು ನಿಂತಿತು. ದಾಲ್ ಮತ್ತು ಅವನ ಜೊತೆಯವರು 1844ರಲ್ಲಿ ಹಳೇ ಸ್ಮಾರಕಗಳನ್ನು ಕಾಯಲು ಸಂಘವೊಂದನ್ನು ಕಟ್ಟಿದರು.

ಬೊರ್ಗುಂಡಿನಲ್ಲಿ 1868ರಲ್ಲಿ ಪಕ್ಕದಲ್ಲೇ ಹೊಸ ಚರ್ಚ್ ಎದ್ದಿತು. ಹಳೆಯದರಲ್ಲಿ ಪೂಜೆ ನಿಂತಿತು. 1877ರಲ್ಲಿ ಆ ಸಂಘವೇ ಅದನ್ನು ಕೊಂಡಿತು. ಆಮೇಲೆ ಗೋಲ್ ಊರಿನ ಚರ್ಚನ್ನು ಬಿಚ್ಚಿ ಆಸ್ಲೊಗೆ ತಂದು ನಿಲ್ಲಿಸಿದಾಗ, ಹೊರಗಿನ ರೂಪಕ್ಕೆ ಮಾದರಿಯಾದದ್ದು ಬೊರ್ಗುಂಡ್. 2001ರಿಂದ 2015ರವರೆಗೆ ನಾರ್ವೆ ಸರ್ಕಾರ ಇಂಥ ಚರ್ಚ್‌ಗಳಿಗಾಗಿಯೇ ದೊಡ್ಡ ದುರಸ್ತಿ ಯೋಜನೆ ನಡೆಸಿತು. ಬೊರ್ಗುಂಡ್ ಇವತ್ತಿಗೂ ಆ ಸಂಘದ್ದೇ, ಟಾರು ಬಳಿಸುವ ಹೊಣೆಯೂ ಅದರದ್ದೇ.