ಸ್ಥಳೀಯ ಹಂಚಿಕೆ: ಯಾರಿಗೆ ಸ್ಥಳೀಯ?

ಪ್ರೋಗ್ರಾಂ ಬರೆಯುವವರು ದಿನಕ್ಕೆ ನೂರು ಸಲ ಮೆಮೊರಿ ಕೇಳುತ್ತಾರೆ. ಇಷ್ಟು ಬೈಟ್ ಬೇಕು ಎಂದರೆ ಸಾಕು, ಒಂದು ವಿಳಾಸ ಕೈಗೆ ಬರುತ್ತದೆ. ಆ ವಿಳಾಸ ಯಂತ್ರದ ಯಾವ ಮೂಲೆಯಲ್ಲಿದೆ ಎಂದು ಕೇಳುವ ಅಭ್ಯಾಸ ನಮ್ಮಲ್ಲಿ ಬಹುಪಾಲು ಜನರಿಗಿಲ್ಲ. ಲ್ಯಾಪ್‌ಟಾಪಿನಲ್ಲಿ ಕೇಳಬೇಕಾದ ಅಗತ್ಯವೂ ಇಲ್ಲ. ಆದರೆ ಎರಡು ಪ್ರೊಸೆಸರ್ ಇರುವ ಸರ್ವರ್‌ನಲ್ಲಿ, ಅದರಲ್ಲೂ ವೇಗದ ನೆಟ್‌ವರ್ಕ್ ಕಾರ್ಡ್ ಅಥವಾ ಎನ್‌ವಿಎಂಇ ಎಂಬ ಅತಿವೇಗದ ಡಿಸ್ಕ್ ಇರುವ ಸರ್ವರ್‌ನಲ್ಲಿ, ಮೆಮೊರಿ ಎಲ್ಲಿದೆ ಎಂಬುದೇ ಮೊದಲ ಪ್ರಶ್ನೆಯಾಗಬೇಕು. ‘ಸ್ಥಳೀಯ ಹಂಚಿಕೆ’ ಅಥವಾ ಲೋಕಲ್ ಅಲೊಕೇಶನ್ ಎಂಬ ಪದ ಈ ಪ್ರಶ್ನೆಗೆ ಸಂಬಂಧಿಸಿದ್ದು.

ಅಲೊಕೇಶನ್‌ಗೆ ‘ಹಂಚಿಕೆ’ ಎಂಬ ಕನ್ನಡ ಪದ ನನಗೆ ಬಹಳ ಇಷ್ಟ. ಹಂಚಿಕೆ ಎಂದರೆ ಪಾಲು ಮಾಡಿ ಕೊಡುವುದೂ ಹೌದು, ಉಪಾಯವೂ ಹೌದು. ‘ಹಂಚಿಕೆ ಹೂಡಿದ’ ಎಂದರೆ ಯೋಚಿಸಿ ದಾರಿ ಕಂಡುಕೊಂಡ ಎಂದೇ ಅರ್ಥ. ಈ ಸಂದರ್ಭಕ್ಕೆ ಎರಡು ಅರ್ಥವೂ ಬೇಕು. ಮೆಮೊರಿಯನ್ನು ಕೊಡುವುದಷ್ಟೇ ಅಲ್ಲ, ಯೋಚಿಸಿ ಕೊಡಬೇಕು.

ಹಿಂದೆ ಈ ಯೋಚನೆಗೆ ಅವಕಾಶವೇ ಇರಲಿಲ್ಲ. ಪ್ರೊಸೆಸರ್‌ಗಳೆಲ್ಲ ಒಂದೇ ಬಸ್ (ದತ್ತಾಂಶ ಸಾಗುವ ತಂತಿಗಳ ದಾರಿ) ಹಿಡಿದು, ಮದರ್‌ಬೋರ್ಡಿನ ನಾರ್ತ್‌ಬ್ರಿಡ್ಜ್ ಚಿಪ್‌ನ ಮೂಲಕ ಮೆಮೊರಿಗೆ ಹೋಗುತ್ತಿದ್ದವು. ಊರಿಗೆಲ್ಲ ಒಂದೇ ಕೆರೆ, ಎಲ್ಲ ಮನೆಗಳಿಗೂ ಅಷ್ಟೇ ದೂರ. 2003ರಲ್ಲಿ ಎಎಂಡಿಯ ಆಪ್ಟೆರಾನ್ ಮೆಮೊರಿ ನಿಯಂತ್ರಕವನ್ನು ಪ್ರೊಸೆಸರ್‌ನ ಒಳಕ್ಕೇ ತಂದಿತು. 2009ರಲ್ಲಿ ಇಂಟೆಲ್‌ನ ಕ್ಸಿಯಾನ್ 5500 ಸರಣಿ ಅದೇ ದಾರಿ ಹಿಡಿಯಿತು. ಈಗ ಪ್ರತಿ ಮನೆಗೂ ತನ್ನದೇ ಬಾವಿ. ಪಕ್ಕದ ಮನೆಯ ಬಾವಿಯಿಂದಲೂ ನೀರು ಸೇದಬಹುದು, ಆದರೆ ಬೀದಿ ದಾಟಬೇಕು. ಆ ಬೀದಿಯ ಹೆಸರು ಎಎಂಡಿಯಲ್ಲಿ ಮೊದಲು ಹೈಪರ್‌ಟ್ರಾನ್ಸ್‌ಪೋರ್ಟ್, 2017ರಿಂದ ಇನ್ಫಿನಿಟಿ ಫ್ಯಾಬ್ರಿಕ್; ಇಂಟೆಲ್‌ನಲ್ಲಿ ಮೊದಲು ಕ್ಯುಪಿಐ, 2017ರಿಂದ ಯುಪಿಐ. ಮೆಮೊರಿಯ ದೂರ ಎಲ್ಲರಿಗೂ ಸಮವಲ್ಲದ ಈ ವ್ಯವಸ್ಥೆಗೆ ನ್ಯೂಮಾ ಎನ್ನುತ್ತಾರೆ. ಒಂದು ಪ್ರೊಸೆಸರ್ ಮತ್ತು ಅದರ ಹತ್ತಿರದ ಮೆಮೊರಿ ಸೇರಿ ಒಂದು ನೋಡ್.

‘ನೋಡ್’ ಎಂಬ ಪದ ಗೊಂದಲ ಹುಟ್ಟಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಮ್ ಪ್ರವೇಗದಂಥ ಸೂಪರ್‌ಕಂಪ್ಯೂಟರ್‌ನ ವಿಷಯದಲ್ಲಿ ನೋಡ್ ಎಂದರೆ ಒಂದು ಇಡೀ ಕಂಪ್ಯೂಟರ್. ನ್ಯೂಮಾ ನೋಡ್ ಹಾಗಲ್ಲ, ಅದು ಒಂದೇ ಪೆಟ್ಟಿಗೆಯ ಒಳಗಿನ ಒಂದು ಪಾಲು. ಒಂದೇ ಪ್ರೊಸೆಸರ್‌ನೊಳಗೆ ಹಲವು ನೋಡ್‌ಗಳಿರುವುದೂ ಉಂಟು: 2017ರ ಎಎಂಡಿಯ ಮೊದಲ ಎಪಿಕ್ ಚಿಪ್‌ಗಳಲ್ಲಿ ನಾಲ್ಕು ಸಿಲಿಕಾನ್ ತುಂಡುಗಳಿದ್ದವು, ನೋಡ್‌ಗಳೂ ನಾಲ್ಕು.

ಮೆಮೊರಿಯ ನಂತರ ಸಾಧನಗಳ ಸರದಿ. 2012ರ ಕ್ಸಿಯಾನ್ ಇ5 ಸರಣಿಯಲ್ಲಿ, ಕಾರ್ಡು ಡಿಸ್ಕ್‌ಗಳನ್ನು ಜೋಡಿಸುವ ಪಿಸಿಐ ಎಕ್ಸ್‌ಪ್ರೆಸ್ ತಂತಿಗಳ ನಿಯಂತ್ರಕವೂ ಪ್ರೊಸೆಸರ್‌ನ ಒಳಗೆ ಸೇರಿತು. ಅಲ್ಲಿಯವರೆಗೆ ನೆಟ್‌ವರ್ಕ್ ಕಾರ್ಡು ಹೊರಗಿನ ಚಿಪ್‌ಗೆ ಜೋಡಣೆಯಾಗುತ್ತಿತ್ತು. ಅಲ್ಲಿಂದಾಚೆಗೆ ಯಾವ ಸ್ಲಾಟ್‌ಗೆ ಸಿಕ್ಕಿಸುತ್ತೀರೋ ಆ ಸ್ಲಾಟ್‌ನ ತಂತಿಗಳು ಯಾವ ಪ್ರೊಸೆಸರ್‌ಗೆ ಹೋಗುತ್ತವೋ, ಕಾರ್ಡು ಆ ಮನೆಗೆ ಸೇರಿತು. ಅದೇ ಸರಣಿಯ ಡಿಡಿಐಒ ಎಂಬ ಸೌಲಭ್ಯ ಈ ನಂಟನ್ನು ಇನ್ನೂ ಬಿಗಿ ಮಾಡಿತು. ಕಾರ್ಡು ತಂದ ದತ್ತಾಂಶವನ್ನು ಮೆಮೊರಿಯವರೆಗೂ ಒಯ್ಯದೆ ನೇರವಾಗಿ ತನ್ನ ಪ್ರೊಸೆಸರ್‌ನ ಕ್ಯಾಶ್‌ಗೇ (ಒಳಗಿನ ಚಿಕ್ಕ, ವೇಗದ ಮೆಮೊರಿಗೇ) ಹಾಕುತ್ತದೆ. ಆಚೆ ಮನೆಯ ಮೆಮೊರಿಗೆ ಬರೆಯುವಾಗ ಈ ಲಾಭವಿಲ್ಲ.

ದಾಟುವಿಕೆಯ ಬೆಲೆ ಎಷ್ಟು? ಎರಡು ಪ್ರೊಸೆಸರ್‌ನ ಸಾಮಾನ್ಯ ಸರ್ವರ್‌ನಲ್ಲಿ ಹತ್ತಿರದ ಮೆಮೊರಿಗೆ ಹೋಗಿಬರಲು ಸುಮಾರು 80ರಿಂದ 100 ನ್ಯಾನೊಸೆಕೆಂಡ್, ದೂರದ್ದಕ್ಕೆ ಸುಮಾರು 130ರಿಂದ 150. ಕೇಳಿದರೆ ಏನೂ ಅಲ್ಲ ಎನಿಸುತ್ತದೆ. ಪಕ್ಕದಲ್ಲಿ ಇನ್ನೊಂದು ಲೆಕ್ಕ ಇಟ್ಟು ನೋಡಿ. 10 ಗಿಗಾಬಿಟ್ ಕಾರ್ಡಿಗೆ 64 ಬೈಟ್‌ನ ಸಣ್ಣ ಪ್ಯಾಕೆಟ್‌ಗಳು (ದತ್ತಾಂಶದ ಪೊಟ್ಟಣಗಳು) ಬಿಡುವಿಲ್ಲದೆ ಬಂದರೆ ಸೆಕೆಂಡಿಗೆ ಸುಮಾರು 1 ಕೋಟಿ 48 ಲಕ್ಷ ಪ್ಯಾಕೆಟ್. ಒಂದಕ್ಕೆ ಸಿಗುವ ಸಮಯ 67 ನ್ಯಾನೊಸೆಕೆಂಡ್. ಒಂದೇ ಒಂದು ಸಲ ಬೀದಿ ದಾಟಿ 50 ನ್ಯಾನೊಸೆಕೆಂಡ್ ಹೆಚ್ಚಿಗೆ ತೆತ್ತರೆ ಆ ಪ್ಯಾಕೆಟ್‌ನ ಪಾಲಿನ ಮುಕ್ಕಾಲು ಭಾಗ ಹೋಯಿತು. 100 ಗಿಗಾಬಿಟ್‌ನಲ್ಲಿ ಪ್ಯಾಕೆಟ್‌ಗೆ ಸಿಗುವುದು ಏಳು ನ್ಯಾನೊಸೆಕೆಂಡಿಗೂ ಕಡಿಮೆ. ಪ್ಯಾಕೆಟ್‌ಗಳನ್ನು ಕಂತೆ ಕಟ್ಟಿ ಸಂಸ್ಕರಿಸಿ, ಮುಂದೆ ಬೇಕಾಗುವುದನ್ನು ಮೊದಲೇ ತರಿಸಿಟ್ಟುಕೊಂಡು ಈ ನಷ್ಟವನ್ನು ಒಂದಿಷ್ಟು ಮುಚ್ಚಬಹುದು, ಇಲ್ಲವಾಗಿಸಲು ಆಗದು. ದಾರಿಯನ್ನು ಅಗಲ ಮಾಡಿದರೆ ಹೆಚ್ಚು ಗಾಡಿಗಳು ಓಡುತ್ತವೆ, ಊರು ಮಾತ್ರ ಹತ್ತಿರ ಬರುವುದಿಲ್ಲ. ವಿಳಂಬ ಕಡಿಮೆಯಾಗಬೇಕಾದರೆ ದೂರವೇ ಕಡಿಮೆಯಾಗಬೇಕು.

ಇಷ್ಟಾದ ಮೇಲೆ ‘ಸ್ಥಳೀಯ’ ಎಂಬ ಮಾತಿಗೆ ಬರೋಣ. ಸ್ಥಳೀಯ ಎಂದರೆ ಯಾರಿಗೆ ಸ್ಥಳೀಯ? ಹೆಚ್ಚಿನ ತಪ್ಪುಗಳು ಹುಟ್ಟುವುದು ಈ ಪ್ರಶ್ನೆಯನ್ನು ಕೇಳದೇ ಇರುವುದರಿಂದ. ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ಸಹಜ ನಿಯಮ ಹೀಗಿದೆ: ಮೆಮೊರಿ ಕೇಳಿದ ಕ್ಷಣದಲ್ಲಿ ಆ ಕೋಡ್ ಯಾವ ಸಿಪಿಯು ಮೇಲೆ ಓಡುತ್ತಿದೆಯೋ ಆ ಸಿಪಿಯುವಿನ ನೋಡ್‌ನಿಂದ ಕೊಡು. ಸಾಮಾನ್ಯ ಪ್ರೋಗ್ರಾಂಗಳ ವಿಷಯದಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಕೇಳಿದಾಗ ಸಿಗುವುದು ಬರೀ ಭರವಸೆ. ಆ ಪುಟಕ್ಕೆ (ಮೆಮೊರಿಯ ಒಂದು ತುಂಡಿಗೆ) ಮೊದಲ ಸಲ ಕೈ ಇಟ್ಟಾಗಲೇ ನಿಜವಾದ ಮೆಮೊರಿ ಸಿಗುತ್ತದೆ, ಕೈ ಇಟ್ಟವನ ನೋಡ್‌ನಿಂದ. ಇದನ್ನು ಮೊದಲ ಸ್ಪರ್ಶದ ನಿಯಮ ಎನ್ನುತ್ತಾರೆ. ಒಳ್ಳೆಯ ನಿಯಮವೇ. ಆದರೆ ಕೇಳುವವನು ಒಬ್ಬ, ಬಳಸುವವನು ಇನ್ನೊಬ್ಬನಾದರೆ ಅದು ಸೋಲುತ್ತದೆ. ಸಾಧನಗಳ ವಿಷಯದಲ್ಲಿ ಯಾವಾಗಲೂ ಹೀಗೆಯೇ: ಮೆಮೊರಿ ಕೇಳುವುದು ಡ್ರೈವರ್ (ಸಾಧನವನ್ನು ನಡೆಸುವ ತಂತ್ರಾಂಶ), ಅದರಲ್ಲಿ ಓದಿ ಬರೆಯುವುದು ಕಾರ್ಡು.

ಕಾರ್ಡು ಮತ್ತು ಡ್ರೈವರ್ ಮಾತಾಡಿಕೊಳ್ಳುವುದು ಮೆಮೊರಿಯಲ್ಲಿರುವ ಒಂದು ವರ್ತುಲ ಸಾಲಿನ ಮೂಲಕ. ಅದಕ್ಕೆ ರಿಂಗ್ ಎನ್ನುತ್ತಾರೆ. ಡ್ರೈವರ್ ಖಾಲಿ ಬಫರ್‌ಗಳ (ದತ್ತಾಂಶವನ್ನು ಸದ್ಯಕ್ಕೆ ಇಡುವ ಜಾಗಗಳ) ವಿಳಾಸಗಳನ್ನು ರಿಂಗ್‌ನಲ್ಲಿ ಬರೆಯುತ್ತದೆ. ಕಾರ್ಡು ಆ ವಿಳಾಸ ಓದಿಕೊಂಡು, ಬಂದ ಪ್ಯಾಕೆಟ್‌ ಅನ್ನು ಅಲ್ಲಿ ಸುರಿದು, ‘ತುಂಬಿದೆ’ ಎಂದು ಗುರುತು ಹಾಕುತ್ತದೆ. ಸಿಪಿಯು ಗುರುತನ್ನು ನೋಡಿ ಪ್ಯಾಕೆಟ್ ಎತ್ತಿಕೊಳ್ಳುತ್ತದೆ. ಒಂದು ಪ್ಯಾಕೆಟ್‌ಗೆ ಇಷ್ಟು ಸಲ ಮೆಮೊರಿಯನ್ನು ಮುಟ್ಟಬೇಕು. ಕಾರ್ಡು 1ನೇ ನೋಡ್‌ನಲ್ಲಿ, ಅದನ್ನು ನೋಡಿಕೊಳ್ಳುವ ಸಿಪಿಯುವೂ 1ನೇ ನೋಡ್‌ನಲ್ಲಿ, ರಿಂಗ್ ಮತ್ತು ಬಫರ್ ಮಾತ್ರ 0ಯಲ್ಲಿ ಎಂದುಕೊಳ್ಳಿ. ಅಕ್ಕಪಕ್ಕ ಕೂತ ಇಬ್ಬರು ಒಂದು ಚೀಟಿ ಬದಲಾಯಿಸಿಕೊಳ್ಳಲು ಪ್ರತಿ ಸಲವೂ ಎದುರು ಮನೆಗೆ ಹೋಗಿಬಂದಂತೆ.

ಅದಕ್ಕಾಗಿ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಪ್ರತಿ ಸಾಧನದ ದಾಖಲೆಯಲ್ಲೂ ಅದರ ನೋಡ್ ಸಂಖ್ಯೆ ಇರುತ್ತದೆ. ‘ಡೆವ್_ಟು_ನೋಡ್’ ಎಂದು ಕೇಳಿದರೆ ಹೇಳುತ್ತದೆ. ಕಾರ್ಡಿನೊಡನೆ ಹಂಚಿಕೊಳ್ಳುವ ಡಿಎಂಎ (ಸಿಪಿಯುವಿನ ನೆರವಿಲ್ಲದೆ ಸಾಧನವೇ ನೇರವಾಗಿ ಓದಿ ಬರೆಯುವ) ಮೆಮೊರಿಯನ್ನು ಕೊಡುವಾಗ ಕರ್ನಲ್ ತಾನಾಗಿಯೇ ಈ ಸಂಖ್ಯೆಯನ್ನು ನೋಡುತ್ತದೆ. ಡ್ರೈವರ್‌ನ ಸ್ವಂತ ಲೆಕ್ಕಪತ್ರಗಳಿಗೆ ‘ಕೆಮ್ಯಾಲಕ್’ ಬದಲು ‘ಕೆಮ್ಯಾಲಕ್_ನೋಡ್’ ಬಳಸಿ ಬೇಕಾದ ನೋಡ್‌ನ ಹೆಸರು ಹೇಳಬಹುದು. ನನಗೆ ಅತ್ಯಂತ ಮೆಚ್ಚುಗೆಯಾದದ್ದು ಇನ್ನೊಂದು ಏರ್ಪಾಡು. ಪಿಸಿಐ ಸಾಧನವೊಂದಕ್ಕೆ ಡ್ರೈವರ್ ಜೋಡಿಸುವಾಗ, ಸಾಧ್ಯವಾದರೆ ಕರ್ನಲ್ ಆ ಪ್ರಾರಂಭಿಕ ಕೆಲಸವನ್ನು ಸಾಧನದ ನೋಡ್‌ನಲ್ಲಿರುವ ಸಿಪಿಯುವಿಗೇ ಕಳಿಸಿ ಓಡಿಸುತ್ತದೆ. ಡ್ರೈವರ್ ಬರೆದವರು ನ್ಯೂಮಾ ಎಂಬ ಹೆಸರನ್ನೇ ಕೇಳಿರದಿದ್ದರೂ ಅವರು ಕೇಳಿದ ಮೆಮೊರಿ ಕಾರ್ಡಿನ ಪಕ್ಕದಲ್ಲೇ ಸಿಗಲಿ ಎಂಬ ಮುಂದಾಲೋಚನೆ. ಕೇಳುವವನನ್ನೇ ಬಳಸುವವನ ಮನೆಗೆ ಕಳಿಸಿದರೆ ಹಳೆಯ ನಿಯಮವೇ ಸರಿಯಾದ ಉತ್ತರ ಕೊಡುತ್ತದೆ.

ಇದನ್ನು ನಾನು ಕಲಿತದ್ದು ಕಷ್ಟಪಟ್ಟು. ಒಂದು ಸರ್ವರ್‌ನಲ್ಲಿ ಒಂದೇ ಮಾದರಿಯ ಎರಡು ಕಾರ್ಡುಗಳಿದ್ದವು. ಹೊರೆ ಏರಿದಾಗ ಎರಡನೆಯದು ಮಾತ್ರ ಪ್ಯಾಕೆಟ್ ಕೈಬಿಡುತ್ತಿತ್ತು. ಕೇಬಲ್ ಬದಲಿಸಿದೆವು, ಸ್ವಿಚ್‌ನ ಪೋರ್ಟ್ ಬದಲಿಸಿದೆವು, ಕಾರ್ಡನ್ನೇ ಬದಲಿಸಿದೆವು. ಮೂರನೆಯ ರಾತ್ರಿ ಸಹೋದ್ಯೋಗಿಯೊಬ್ಬರು ಸಿಸ್‌ಎಫ್‌ಎಸ್‌ನಲ್ಲಿ, ಅಂದರೆ ಕರ್ನಲ್ ಸಾಧನಗಳ ವಿವರವನ್ನು ಕಡತಗಳಾಗಿ ತೋರಿಸುವ ಜಾಗದಲ್ಲಿ, ಎರಡೂ ಕಾರ್ಡುಗಳ ‘ನ್ಯೂಮಾ_ನೋಡ್’ ಕಡತ ತೆರೆದರು. ಮೊದಲ ಕಾರ್ಡಿಗೆ 0, ಎರಡನೆಯದಕ್ಕೆ 1. ಆಮೇಲೆ ನಮ್ಮ ಪ್ರೋಗ್ರಾಂನ ಮೆಮೊರಿ ಯಾವ ನೋಡ್‌ನಲ್ಲಿದೆ ಎಂದು ಹೇಳುವ ‘ನ್ಯೂಮಾ_ಮ್ಯಾಪ್ಸ್’ ಕಡತ ನೋಡಿದೆವು. ಬಫರ್‌ಗಳ ಸಾಲುಗಳಲ್ಲೆಲ್ಲ ಎನ್0, ಎನ್0, ಎನ್0. ಎನ್1 ಹುಡುಕಿದರೂ ಇಲ್ಲ. ಎರಡನೆಯ ಕಾರ್ಡಿನ ಥ್ರೆಡ್‌ಗಳನ್ನು (ಪ್ರೋಗ್ರಾಂನೊಳಗೆ ಬೇರೆಬೇರೆಯಾಗಿ ಓಡುವ ಎಳೆಗಳನ್ನು) 1ನೇ ನೋಡ್‌ಗೆ ಕಟ್ಟಿದ್ದೆವು, ಅದರಲ್ಲಿ ತಪ್ಪಿರಲಿಲ್ಲ. ಆದರೆ ಬಫರ್‌ಗಳನ್ನೆಲ್ಲ ಪ್ರೋಗ್ರಾಂ ಶುರುವಾದಾಗಲೇ ಮುಖ್ಯ ಥ್ರೆಡ್ ಕೇಳಿ, ಸೊನ್ನೆ ತುಂಬಿ ಇಟ್ಟಿತ್ತು. ಅದು ಓಡಿದ್ದು 0ಯಲ್ಲಿ. ಮೊದಲ ಸ್ಪರ್ಶ ಅದರದ್ದೇ. ಆ ಕೆಲಸವನ್ನು ಆಯಾ ಕಾರ್ಡಿನ ಥ್ರೆಡ್‌ಗೇ ಒಪ್ಪಿಸಿದೆವು. ಬದಲಾದದ್ದು ಬೆರಳೆಣಿಕೆಯ ಸಾಲುಗಳು. ಪ್ಯಾಕೆಟ್ ಬೀಳುವುದು ನಿಂತಿತು. ಮೂರು ರಾತ್ರಿ ಹೊರಗೆಲ್ಲ ಹುಡುಕಿದ ಮದ್ದು ಹಿತ್ತಲಲ್ಲೇ ಇತ್ತು.

ನೀವೇ ನೋಡಬೇಕೆಂದರೆ ‘ನ್ಯೂಮಾಸಿಟಿಎಲ್’ ಆಜ್ಞೆ ಯಂತ್ರದ ನೋಡ್‌ಗಳನ್ನೂ ಅವುಗಳ ನಡುವಿನ ದೂರದ ಪಟ್ಟಿಯನ್ನೂ ಕೊಡುತ್ತದೆ. ತನ್ನಿಂದ ತನಗೆ ದೂರ 10. ಪಕ್ಕದ ನೋಡ್‌ಗೆ ಹಲವು ಯಂತ್ರಗಳಲ್ಲಿ 21 ಎಂದಿರುತ್ತದೆ. ಇದು ಯಂತ್ರದ ಫರ್ಮ್‌ವೇರ್ (ಯಂತ್ರದಲ್ಲೇ ಅಡಕವಾದ ತಂತ್ರಾಂಶ) ಹೇಳಿದ ಅಂಕಿ, ಅಳೆದು ನೋಡಿದ ಸಮಯವಲ್ಲ. ಎರಡು ಪಟ್ಟು ನಿಧಾನ ಎಂದು ಓದಿಕೊಳ್ಳಬೇಡಿ. ಕಾರ್ಡಿನ ಕಡತದಲ್ಲಿ -1 ಕಂಡರೆ ಫರ್ಮ್‌ವೇರ್ ಅದರ ಮನೆ ಯಾವುದೆಂದು ಹೇಳಿಲ್ಲ, ಅಥವಾ ಯಂತ್ರದಲ್ಲಿ ನ್ಯೂಮಾ ಇಲ್ಲ ಎಂದರ್ಥ. ವರ್ಚುವಲ್ ಯಂತ್ರಗಳ ಒಳಗಿನಿಂದ ನೋಡುವವರಿಗೆ ಇದು ಮತ್ತೆ ಮತ್ತೆ ಎದುರಾಗುತ್ತದೆ.

ಸ್ಥಳೀಯವಾಗಿಯೇ ಕೊಡು ಎಂದು ಪಟ್ಟು ಹಿಡಿಯುವುದರಲ್ಲೂ ಅಪಾಯವಿದೆ. ಸಾಮಾನ್ಯವಾಗಿ ಹತ್ತಿರದ ನೋಡ್ ತುಂಬಿದ್ದರೆ ಕರ್ನಲ್ ಮುಂದಿನ ನೋಡ್‌ನಿಂದ ತಂದು ಕೊಡುತ್ತದೆ. ನಿಧಾನವಾದರೂ ಕೆಲಸ ನಡೆಯುತ್ತದೆ. ಒಂದೇ ನೋಡ್‌ಗೆ ಬಿಗಿಯಾಗಿ ಕಟ್ಟಿಹಾಕಿದರೆ, ಪಕ್ಕದಲ್ಲಿ ನೂರಾರು ಗಿಗಾಬೈಟ್ ಖಾಲಿ ಬಿದ್ದಿದ್ದರೂ ಮೆಮೊರಿ ಸಾಲದೆಂದು ಪ್ರೋಗ್ರಾಂ ಸಾಯಬಹುದು. ‘ಇಲ್ಲಿಂದಲೇ’ ಎನ್ನುವುದಕ್ಕಿಂತ ‘ಸಾಧ್ಯವಾದರೆ ಇಲ್ಲಿಂದ’ ಎನ್ನುವ ನೀತಿಯೇ ಬಹಳಷ್ಟು ಕಡೆ ಕ್ಷೇಮ.

ಎರಡೂ ನೋಡ್‌ಗಳಲ್ಲಿ ಓಡುವ ಪ್ರೋಗ್ರಾಂಗಳಿಗೆ ಒಂದೇ ಕಾರ್ಡು ಸೇವೆ ಕೊಡಬೇಕಾದಾಗ ಹಂಚಿಕೆ ಎಷ್ಟು ಜಾಣತನದ್ದಾದರೂ ಒಬ್ಬರು ದಾಟಲೇಬೇಕು. ಇದಕ್ಕೆ ನೆಟ್‌ವರ್ಕ್ ಕಾರ್ಡ್ ತಯಾರಕ ಕಂಪನಿ ಮೆಲನಾಕ್ಸ್ ‘ಸಾಕೆಟ್ ಡೈರೆಕ್ಟ್’ ಎಂಬ ಕಾರ್ಡುಗಳನ್ನು ತಂದಿತು. ಕಾರ್ಡು ಒಂದೇ, ಆದರೆ ಅದರ ಪಿಸಿಐ ತಂತಿಗಳು ಎರಡಾಗಿ ಸೀಳಿ ಒಂದೊಂದು ಪ್ರೊಸೆಸರ್‌ಗೆ ಒಂದೊಂದು ಹೋಗುತ್ತವೆ. ಕರ್ನಲ್‌ನ ಕಣ್ಣಿಗೆ ಅದು ಎರಡು ಸಾಧನ, ಎರಡು ನೋಡ್ ಸಂಖ್ಯೆ. ಒಂದಕ್ಕೆ ಬೇಕಾದ ರಿಂಗ್ 0ಯಲ್ಲಿ, ಇನ್ನೊಂದರದು 1ರಲ್ಲಿ.