ದತ್ತಿಯನ್ನು ಹಂಚಲಾಗದು

ಕಾಸರಗೋಡಿನ ಕನ್ನಡ ಶಾಲೆಗಳ ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆಗಳಲ್ಲಿ ‘ದತ್ತಿ ವಿತರಣೆ’ ಎಂಬ ಕಲಾಪ ತಪ್ಪದೆ ಕಾಣಿಸಿಕೊಳ್ಳುತ್ತದೆ. ಈಚೆಗೆ ಅಂತಹ ಒಂದು ಪತ್ರಿಕೆಯಲ್ಲಿ, ಚೆಂಡೆ ಬಾರಿಸುವ ಬಾಲಕನೊಬ್ಬನಿಗೆ ‘ಪ್ರಕೃತಿದತ್ತಿಯಾಗಿ’ ಕಲೆ ಒಲಿದಿದೆ ಎಂದೂ ಅಚ್ಚಾಗಿರುವುದರಿಂದ, ಎರಡೂ ತಪ್ಪುಗಳನ್ನು ಒಟ್ಟಿಗೇ ವಿಚಾರಿಸಿಕೊಳ್ಳುವುದು ಲೇಸು.

ಕೊಟ್ಟ ಹಣವೆಲ್ಲವೂ ದತ್ತಿಯಲ್ಲ. ಮೂಲಧನವನ್ನು ಮುಟ್ಟದೆ, ಅದರ ಹುಟ್ಟುವಳಿಯಿಂದಷ್ಟೇ ಗೊತ್ತುಪಡಿಸಿದ ಕಾರ್ಯ ನಡೆಯಬೇಕೆಂಬ ಕಟ್ಟಳೆಯೊಂದಿಗೆ ಕೊಟ್ಟದ್ದು ದತ್ತಿ. ದೇವಸ್ಥಾನದ ಕೌಂಟರಿನಲ್ಲಿ ‘ಶಾಶ್ವತ ಪೂಜೆ’ಗೆ ರಶೀದಿ ಮಾಡಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಇಡುಗಂಟು ಬ್ಯಾಂಕಿನಲ್ಲಿರುತ್ತದೆ, ಅವರು ಬರೆಸಿದ ನಕ್ಷತ್ರದ ದಿನ ಅದರ ಬಡ್ಡಿಯಿಂದ ವರ್ಷಕ್ಕೊಮ್ಮೆ ಪೂಜೆ ನಡೆಯುತ್ತದೆ. ಹಾಗೆಯೇ, ಹತ್ತನೆಯ ತರಗತಿಯಲ್ಲಿ ಹೆಚ್ಚು ಅಂಕ ಗಳಿಸಿದವರ ಕೈಗೆ ಬರುವ ಲಕೋಟೆಯಲ್ಲಿರುವುದು ದತ್ತಿಯ ಬಡ್ಡಿ. ಅದನ್ನು ‘ದತ್ತಿ ಬಹುಮಾನ’ ಎನ್ನಬೇಕು. ದತ್ತಿಯನ್ನೇ ಹಂಚಿಬಿಟ್ಟರೆ ಮುಂದಿನ ವರ್ಷ ಹಂಚಲು ಏನೂ ಇರದು. ಮಲಯಾಳದಲ್ಲಿ ರೂಢಿಯಾಗಿರುವ ‘ಎಂಡೋಮೆಂಟ್ ವಿತರಣಂ’ ನಮ್ಮಲ್ಲಿಗೂ ದಾಟಿ ಬಂದಿರುವಂತಿದೆ. ಶಾಲೆಯ ಮಾಡಿಗೆ ಹೆಂಚು ಹಾಕಿಸಲು ಎತ್ತುವ ಹಣವಂತೂ ಖರ್ಚಾಗಲೆಂದೇ ಬಂದದ್ದು, ಅದು ದೇಣಿಗೆ. ಆ ರಶೀದಿ ಪುಸ್ತಕದ ಮೇಲೆ ‘ದತ್ತಿ’ ಎಂದು ಅಚ್ಚು ಹಾಕಿಸುವುದು ಬರಿಯ ಡೌಲು.

ಸಂಸ್ಕೃತದ ‘ದಾ’ ಧಾತು ‘ದದ್’ ಆಗಿ, ಅದಕ್ಕೆ ‘ತ’ ಸೇರಿದರೆ ದತ್ತ, ‘ತಿ’ ಸೇರಿದರೆ ದತ್ತಿ. ಮೊದಲನೆಯದು ‘ಕೊಡಲ್ಪಟ್ಟ’ ಎಂಬ ವಿಶೇಷಣ, ಎರಡನೆಯದು ನಾಮಪದ. ಕನ್ನಡ ಶಾಸನಗಳಲ್ಲಿ ‘ಬಿಟ್ಟ ದತ್ತಿ’ ಎಂದರೆ ಬಹುಮಟ್ಟಿಗೆ ಭೂಮಿ. ಬೆಳೆಯನ್ನು ಉಣ್ಣಬಹುದೇ ಹೊರತು ನೆಲವನ್ನು ಉಂಡು ಮುಗಿಸುವಂತಿಲ್ಲವಾದ್ದರಿಂದ, ಮೂಲಧನ ಉಳಿಯಬೇಕೆಂಬ ಕಟ್ಟಳೆ ಈ ಪದಕ್ಕೆ ಅಂದಿನಿಂದಲೇ ಅಂಟಿಕೊಂಡಿದೆ. ತಾನು ಕೊಟ್ಟದ್ದಾಗಲಿ ಪರರು ಕೊಟ್ಟದ್ದಾಗಲಿ, ಆ ಭೂಮಿಯನ್ನು ಕಸಿದವನು ಅರುವತ್ತು ಸಾವಿರ ವರ್ಷ ಮಲದ ಹುಳುವಾಗಿ ಹುಟ್ಟುತ್ತಾನೆಂಬ ‘ಸ್ವದತ್ತಾಂ ಪರದತ್ತಾಂ ವಾ’ ಶ್ಲೋಕವೇ ಆಗಿನ ಕಾಯ್ದೆ. ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿದ ಮೇಲೂ ಇಲ್ಲಿನ ದೇವಸ್ಥಾನಗಳಿಗೆ ಅನ್ವಯಿಸುತ್ತ ಬಂದದ್ದು 1951ರ ಮದರಾಸು ಹಿಂದೂ ಧಾರ್ಮಿಕ ಮತ್ತು ಧರ್ಮಾದಾಯ ದತ್ತಿಗಳ ಕಾಯ್ದೆ.

ಹುಟ್ಟಿನಿಂದ ಬಂದ ಸಾಮರ್ಥ್ಯಕ್ಕೆ ಸಲ್ಲುವುದು ದತ್ತಿಯಲ್ಲ, ದತ್ತ: ಪ್ರಕೃತಿದತ್ತ, ದೈವದತ್ತ, ನಿಸರ್ಗದತ್ತ. ಎಂಡೋಮೆಂಟ್ ಎಂಬ ಇಂಗ್ಲಿಷ್ ಪದಕ್ಕೆ ನಿಧಿ, ಪ್ರತಿಭೆ ಎಂಬ ಎರಡರ್ಥವೂ ಇದೆಯೆಂದು ನಿಘಂಟಿನ ಮೊದಲ ಪದವನ್ನೇ ಎರಡೂ ಕಡೆ ಅಂಟಿಸುವುದು ಸಲ್ಲದು. ಎರಡಕ್ಕೂ ಒಂದೇ ಮಾತು ಬೇಕೆಂದರೆ ಕನ್ನಡದಲ್ಲಿ ‘ಕೊಡುಗೆ’ ಇದೆ. ಅಷ್ಟಕ್ಕೂ ಯಕ್ಷಗಾನದ ಸನ್ಮಾನಪತ್ರಗಳಲ್ಲಿ ‘ದೈವದತ್ತ ಪ್ರತಿಭೆ’ ಎಂಬುದು ಸವೆದು ಹೋದ ಮಾತು. ಕೋಲು ಹಿಡಿದು ಕೈ ಜಡ್ಡುಗಟ್ಟಿಸಿಕೊಂಡವನಿಗೆ ಅದು ಹೊಗಳಿಕೆಯೂ ಅಲ್ಲ. ಸಂಸ್ಕೃತದ ಆಲಂಕಾರಿಕ ದಂಡಿಯು ಕಾವ್ಯಕ್ಕೆ ಕಾರಣಗಳನ್ನು ಹೇಳುವಾಗ ನೈಸರ್ಗಿಕ ಪ್ರತಿಭೆಯ ಪಕ್ಕದಲ್ಲೇ ನಿರ್ಮಲವಾದ ವ್ಯಾಸಂಗವನ್ನೂ ಕುಂದದ ಅಭ್ಯಾಸವನ್ನೂ ಇರಿಸಿದ್ದಾನೆ. ಪ್ರತಿಭೆ ಇಲ್ಲದವನಿಗೂ ಇವೆರಡರಿಂದ ವಾಗ್ದೇವಿ ಒಲಿಯುವಳೆಂದು ಮುಂದಿನ ಶ್ಲೋಕದಲ್ಲೇ ಹೇಳುತ್ತಾನೆ.

ಇನ್ನು, ಶಾಲೆಯನ್ನು ‘ದತ್ತಿ ತೆಗೆದುಕೊಂಡರು’ ಎಂದು ಬರೆಯುವವರಿದ್ದಾರೆ. ಅಲ್ಲಿ ಬೇಕಾದದ್ದು ‘ದತ್ತು’. ಮೂಲ ಒಂದೇ ಆದರೂ ಅದು ಮಕ್ಕಳನ್ನು ಪಡೆಯುವ ಅರ್ಥದಲ್ಲಿ ನೆಲೆನಿಂತು, ಅಲ್ಲಿಂದ ಶಾಲೆಗಳಿಗೂ ಊರುಗಳಿಗೂ ಹಬ್ಬಿದ ಪದ.